ಫೋರ್ಕ್‌ಲಿಫ್ಟ್ ಓಡುವ ಕಡೆ ಜನ ನಡೆಯುವುದು ಹೇಗೆ? ನಮ್ಮ ಹತ್ತಿ ಮಿಲ್ಲಿನಲ್ಲಿ ಆದದ್ದು, ನಿಮ್ಮ ಸಲಹೆ ಬೇಕು

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಹೊರಗಿರುವ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಕಡೆ, ಒಂಬತ್ತು ವರ್ಷದಿಂದ ಸೂಪರ್‌ವೈಸರ್ ಆಗಿದ್ದೇನೆ. ಹೋದ ಗುರುವಾರದಿಂದ ಸರಿಯಾಗಿ ನಿದ್ದೆ ಬರುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಧ್ಯಾಹ್ನ ಎರಡೂವರೆ ಸುಮಾರಿಗೆ ಪ್ರೆಸ್ಸಿನಿಂದ ಬೇಲ್ (ಒತ್ತಿ ಕಟ್ಟಿದ ಹತ್ತಿಯ ಕಟ್ಟು) ಎತ್ತಿಕೊಂಡು ಫೋರ್ಕ್‌ಲಿಫ್ಟ್ ಗೋದಾಮಿಗೆ ಹೊರಟಿತ್ತು. ಒಂದು ಬೇಲ್ 170 ಕಿಲೋ. ಒಂದರ ಮೇಲೊಂದು ಮೂರು ಇದ್ದವು. ಅಷ್ಟು ಎತ್ತರ ಇದ್ದರೆ ಡ್ರೈವರ್‌ಗೆ ಮುಂದೆ ಏನೂ ಕಾಣುವುದಿಲ್ಲ, ಹಾಗಾಗಿ ರಿವರ್ಸ್‌ನಲ್ಲೇ ಬಂದ. ಅದು ಸರಿಯಾದ ಪದ್ಧತಿಯೇ. ಗೋದಾಮಿನ ಬಾಗಿಲಲ್ಲಿ ಗಾಡಿ ತಿರುಗಿಸಿದ. ಅದೇ ಹೊತ್ತಿಗೆ ಹೊರಗಿನಿಂದ ಕಪಾಸ್ (ಬೀಜ ತೆಗೆಯದ ಹತ್ತಿ) ಆರಿಸುವ ಅಕ್ಕ ಒಬ್ಬರು ತಲೆ ಮೇಲೆ ಪುಟ್ಟಿ ಹೊತ್ತು ಒಳಗೆ ಕಾಲಿಟ್ಟರು. ಗಾಡಿಯ ಹಿಂಭಾಗ ಅವರ ಕಡೆ ಬೀಸಿತು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. "ಯಕ್ಕಾ, ನಿಲ್ರೀ!" ಎಂದು ಕೂಗಿದೆ. ಜಿನ್‌ಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅವರಿಗೆ ಏನು ಅನ್ನಿಸಿತೋ, ಕಾಲು ಹಿಂದಕ್ಕೆ ಎಳೆದುಕೊಂಡರು. ಚಪ್ಪಲಿ ಚಕ್ರದ ಕೆಳಗೆ ಹೋಯಿತು. ಕಾಲು ಉಳಿಯಿತು.

ಆ ಅಕ್ಕ ಸಂಜೆವರೆಗೂ ಬರಿಗಾಲಲ್ಲೇ ಕೆಲಸ ಮಾಡಿದರು. ಮನೆಗೆ ಕಳಿಸುತ್ತೇನೆ ಅಂದರೆ ಅರ್ಧ ದಿನದ ಕೂಲಿ ಹೋಗುತ್ತದೆ ಎಂದು ಒಪ್ಪಲಿಲ್ಲ. ಡ್ರೈವರ್ ಹುಡುಗ ಗಾಡಿ ನಿಲ್ಲಿಸಿ ಮೂಲೆಯಲ್ಲಿ ಕೂತು ಅತ್ತ.

ಸಾವ್ಕಾರರಿಗೆ ಹೇಳಿದೆ. ಅವರು ಕೆಟ್ಟವರಲ್ಲ. "ಸೀಟಿ ಕೊಡಿಸು, ಬೋರ್ಡ್ ಬರೆಸು, ಎಲ್ಲರಿಗೂ ನೋಡಿ ನಡೀರಿ ಅಂತ ಹೇಳು" ಎಂದರು. ಎರಡು ವರ್ಷದ ಹಿಂದೆ ಹಳದಿ ಗೆರೆಯನ್ನೂ ಹಾಕಿಸಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಅದರ ಮೇಲೆ ಹತ್ತಿ ಕೂತು ಗೆರೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ನಮ್ಮದು ಅರವತ್ತು ಜನರ ಮಿಲ್, ಒಂದೇ ಫೋರ್ಕ್‌ಲಿಫ್ಟ್. ಕಡಿಮೆ ಖರ್ಚಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಏನು? ಮಾಡಿ ನೋಡಿದವರು ಹೇಳಿ.

ಫೋರ್ಕ್‌ಲಿಫ್ಟ್ ಡ್ರೈವರ್, ತೋರಣಗಲ್ಲು

ಅಣ್ಣಾ, ಮೊದಲು ಆ ಹುಡುಗನಿಗೆ ಧೈರ್ಯ ಹೇಳಿ. ನಾನು ಹದಿನಾಲ್ಕು ವರ್ಷದಿಂದ ಈ ಗಾಡಿ ಓಡಿಸುತ್ತಿದ್ದೇನೆ. ಅವನ ಜಾಗದಲ್ಲಿ ನಾನೂ ಒಮ್ಮೆ ನಿಂತಿದ್ದೇನೆ.

ನಡೆಯುವವರಿಗೆ ಒಂದು ವಿಷಯ ಯಾರೂ ಹೇಳಿಕೊಡುವುದಿಲ್ಲ. ಕಾರಿನಲ್ಲಿ ತಿರುಗುವುದು ಮುಂದಿನ ಚಕ್ರ, ನಮ್ಮ ಗಾಡಿಯಲ್ಲಿ ಹಿಂದಿನ ಚಕ್ರ. ಮುಂದೆ ಹೋಗುತ್ತಾ ಎಡಕ್ಕೆ ತಿರುಗಿಸಿದರೆ ಗಾಡಿಯ ಬಾಲ ಬಲಕ್ಕೆ ಬೀಸುತ್ತದೆ. ಅದೂ ನಿಧಾನಕ್ಕಲ್ಲ, ಸಟ್ಟನೆ. ಗಾಡಿ ಎಡಕ್ಕೆ ಹೋಗುತ್ತಿದೆ, ಬಲಗಡೆ ನಿಂತರೆ ಏನೂ ಆಗುವುದಿಲ್ಲ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಪೆಟ್ಟು ಬೀಳುವುದು ಅಲ್ಲೇ. ಗೋಡೆ ಅಥವಾ ಬೇಲ್ ಸಾಲಿನ ಪಕ್ಕ ನಿಂತಿದ್ದರೆ ಹಿಂದೆ ಸರಿಯಲು ಜಾಗವೂ ಇರುವುದಿಲ್ಲ.

ಇನ್ನು ತೂಕ. 3 ಟನ್ ಎತ್ತುವ ಗಾಡಿ ಖಾಲಿ ಇದ್ದಾಗಲೇ 4 ಟನ್ ದಾಟುತ್ತದೆ. ಮುಂದಿನ ಹೊರೆಗೆ ಸಮ ಆಗಲಿ ಎಂದು ಹಿಂದೆ ಕಬ್ಬಿಣದ ದೊಡ್ಡ ತುಂಡು ಕೂರಿಸಿರುತ್ತಾರೆ. ನಿಮ್ಮ ಅಕ್ಕನ ಕಡೆ ಬೀಸಿದ್ದು ಅದೇ. ಇಂಥ ಹೆಚ್ಚಿನ ಗಾಡಿಗಳಲ್ಲಿ ಬ್ರೇಕ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ. ಹೊರೆ ಇದ್ದಾಗ ಜೋರಾಗಿ ಬ್ರೇಕ್ ಒತ್ತಿದರೆ ಹೊರೆ ಮುಂದಕ್ಕೆ ಜಾರುತ್ತದೆ, ಗಾಡಿಯ ಹಿಂಭಾಗ ಮೇಲೇಳುತ್ತದೆ. ಅಂದರೆ ಕಂಡರೂ ತಕ್ಷಣ ನಿಲ್ಲಿಸಲು ಆಗುವುದಿಲ್ಲ. ಗಂಟೆಗೆ 10 ಕಿಲೋಮೀಟರ್ ವೇಗ ಅಂದರೆ ಒಂದು ಸೆಕೆಂಡಿಗೆ ಸುಮಾರು 2.8 ಮೀಟರ್. ನಾವು ನೋಡಿ, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಅಷ್ಟು ಮುಂದೆ ಬಂದಿರುತ್ತದೆ.

ಹೊರೆ ಇಲ್ಲದಿದ್ದರೂ ಮುಂದಿನ ಎರಡು ಕಂಬಗಳ ಹಿಂದೆ ಒಬ್ಬ ಮನುಷ್ಯ ಪೂರ್ತಿ ಮರೆಯಾಗುತ್ತಾನೆ. ಡ್ರೈವರ್ ನನ್ನನ್ನು ನೋಡಿರುತ್ತಾನೆ ಎಂದು ದಯವಿಟ್ಟು ಯಾರೂ ನಂಬಿಕೊಂಡು ನಡೆಯಬೇಡಿ. ನಮ್ಮ ಕಣ್ಣು ನಿಮ್ಮ ಕಣ್ಣಿಗೆ ಕೂಡಬೇಕು, ನಾವು ಕೈ ಎತ್ತಬೇಕು. ಆಮೇಲೆ ಹೆಜ್ಜೆ ಇಡಿ.

ಗೋದಾಮಿನ ಗುಮಾಸ್ತ, ಬಳ್ಳಾರಿ

ನನಗೆ ಅನ್ನಿಸುವುದು ಬೇರೆ. ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತೇವೆ ಅಲ್ವಾ? ಇಲ್ಲೂ ನೋಡಬೇಕು. ಎಷ್ಟೇ ವ್ಯವಸ್ಥೆ ಮಾಡಿದರೂ ಜನ ಅಡ್ಡಾದಿಡ್ಡಿ ಬಂದರೆ ಯಾರೇನು ಮಾಡಲು ಆಗುತ್ತದೆ? ವಾರಕ್ಕೊಮ್ಮೆ ಎಲ್ಲರನ್ನೂ ನಿಲ್ಲಿಸಿ ಬುದ್ಧಿ ಹೇಳಿ. ಬೋರ್ಡ್ ದೊಡ್ಡದಾಗಿ ಹಾಕಿಸಿ. ನಮ್ಮಲ್ಲಿ ಹಾಗೇ ನಡೆಯುತ್ತಿದೆ, ಇವತ್ತಿನವರೆಗೂ ಏನೂ ಆಗಿಲ್ಲ.

ಜಿನ್ನಿಂಗ್ ಕೆಲಸ, ಸಿಂಧನೂರು ಕಡೆ

ಅಣ್ಣಾರೆ, ನಾನು ಆರು ಸೀಸನ್‌ನಿಂದ ಹತ್ತಿ ಮಿಲ್ಲಿಗೆ ಹೋಗುತ್ತಿದ್ದೇನೆ. ನಾವು ಅಡ್ಡಾದಿಡ್ಡಿ ಬರುವುದಿಲ್ಲ. ಹೋಗುವ ದಾರಿಯೇ ಅಲ್ಲಿದೆ.

ನಮ್ಮ ಮಿಲ್ಲಿನಲ್ಲಿ ಕುಡಿಯುವ ನೀರಿನ ಡ್ರಮ್ ಗೋದಾಮಿನ ಆಚೆ ಇದೆ. ಶೌಚಾಲಯ ಅದಕ್ಕೂ ಆಚೆ. ಬಳಸಿಕೊಂಡು ಹೋಗುವ ದಾರಿ ಇದೆ, ಆದರೆ ಬಿಸಿಲಲ್ಲಿ ಲಾರಿಗಳ ನಡುವೆ ಹೋಗಬೇಕು. ಕೂಲಿಯವರನ್ನು ನೋಡಿಕೊಳ್ಳುವ ಮುಕದ್ದಮ "ಎಲ್ಲಿಗೆ ಹೋಗಿದ್ದಿ, ಇಷ್ಟೊತ್ತಾ?" ಎಂದು ಕೇಳುತ್ತಾನೆ. ಹಾಗಾಗಿ ಎಲ್ಲರೂ ಗೋದಾಮಿನ ಒಳಗಿಂದಲೇ ಹೋಗುತ್ತೇವೆ. ನೀವು ಆ ಅಕ್ಕ ಯಾಕೆ ಆ ಬಾಗಿಲಲ್ಲಿ ಬಂದಳು ಎಂದು ಕೇಳಿದ್ದೀರಾ? ಸುಮ್ನೆ ಯಾರೂ ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ. ಬಿಸಿಲಿನಿಂದ ಗೋದಾಮಿನೊಳಗೆ ಕಾಲಿಟ್ಟರೆ ಸ್ವಲ್ಪ ಹೊತ್ತು ಕಣ್ಣೇ ಕಾಣುವುದಿಲ್ಲ, ಬರೀ ಕಪ್ಪು. ಆ ಬಾಗಿಲಲ್ಲೇ ಗಾಡಿಯೂ ತಿರುಗುತ್ತದೆ. ಧೂಳಿಗೆ ಮೂಗು, ಕಿವಿ ಮುಚ್ಚಿ ಬಟ್ಟೆ ಕಟ್ಟಿರುತ್ತೇವೆ. ಮಿಷನ್ ಸದ್ದಿನಲ್ಲಿ ಪಕ್ಕದವಳ ಮಾತೇ ಕೇಳುವುದಿಲ್ಲ. ಸೀಟಿ ಎಲ್ಲಿಂದ ಕೇಳಬೇಕು? ತಲೆ ಮೇಲೆ ಪುಟ್ಟಿ ಇದ್ದರೆ ಕತ್ತು ತಿರುಗಿಸಲೂ ಆಗುವುದಿಲ್ಲ.

ಬೋರ್ಡ್ ನಮ್ಮಲ್ಲೂ ಇದೆ. ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಇದೆ. ನಾನು ಹತ್ತನೇ ಕ್ಲಾಸು ಓದಿದವಳು. ಕನ್ನಡದಲ್ಲಿದ್ದರೆ ನಾನೇ ಎಲ್ಲರಿಗೂ ಓದಿ ಹೇಳುತ್ತಿದ್ದೆ.

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು

ತಂಗೀ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಜ, ನಾನು ಕೇಳಲೇ ಇಲ್ಲ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ನಾಳೆ ಬಾಗಿಲ ಹತ್ತಿರ ನಿಂತು ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಎಣಿಸುತ್ತೇನೆ.

ನಿವೃತ್ತ ಸೇಫ್ಟಿ ಆಫೀಸರ್, ಕೊಪ್ಪಳ

ಈ ತಂಗಿ ಹೇಳಿದ್ದರಲ್ಲೇ ಅರ್ಧ ಉತ್ತರ ಇದೆ. ಗಿಣಿಗೇರಾ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೇನೆ. ಹೊಸದರಲ್ಲಿ ನಾನೂ ಬೋರ್ಡ್ ಹಾಕಿಸಿಕೊಂಡೇ ಓಡಾಡುತ್ತಿದ್ದೆ. ಬೋರ್ಡು, ಸೀಟಿ, ಬುದ್ಧಿಮಾತು ಎಲ್ಲವೂ ಮನುಷ್ಯ ದಿನಪೂರ್ತಿ ಎಚ್ಚರವಾಗಿರುತ್ತಾನೆ ಎಂದು ನಂಬಿಕೊಂಡಿವೆ. ಎಂಟು ತಾಸು ದುಡಿದ ಮೇಲೆ ಯಾರಿಗೂ ಅಷ್ಟು ಎಚ್ಚರ ಇರುವುದಿಲ್ಲ. ಗುಮಾಸ್ತರೇ, ರಸ್ತೆಯಲ್ಲಿ ನಾವು ದಿನಕ್ಕೆ ನಾಲ್ಕು ಸಲ ದಾಟಬಹುದು. ಇವರು ಐವತ್ತು ಸಲ ದಾಟುತ್ತಾರೆ, ಅದೂ ತಲೆ ಮೇಲೆ ಹೊರೆ ಇಟ್ಟುಕೊಂಡು.

ಮೊದಲು ಕೇಳಬೇಕಾದ್ದು ಒಂದೇ: ಈ ಜನ ಇಲ್ಲಿ ದಾಟಲೇಬೇಕಾ? ನೀರಿನ ಡ್ರಮ್ಮನ್ನು ಈಚೆ ತಂದರೆ ಎಷ್ಟೋ ಸಲದ ದಾಟುವಿಕೆ ತಾನಾಗಿ ನಿಂತುಹೋಗುತ್ತದೆ. ಪುಟ್ಟಿ ಸುರಿಯುವ ಜಾಗ, ಹಾಜರಿ ಹಾಕುವ ಜಾಗ, ಬುತ್ತಿ ಇಡುವ ಜಾಗ, ಇವೂ ಹಾಗೇ. ಇದಕ್ಕೆ ದುಡ್ಡೇ ಬೇಡ.

ಆಮೇಲೆ ಉಳಿದವರಿಗೆ ಬೇರೆ ದಾರಿ, ಬೇರೆ ಬಾಗಿಲು. ಗಾಡಿ ಬಾಗಿಲ ಪಕ್ಕದಲ್ಲೇ ಜನ ನಡೆಯಲು ಒಂದು ಸಣ್ಣ ಬಾಗಿಲು ಒಡೆಸಿದರೂ ಸಾಕು, ಆದರೆ ನಡುವೆ ಗಟ್ಟಿ ಕಬ್ಬಿಣದ ಕಟಾಂಜನ ಇರಬೇಕು. ಹಳದಿ ಗೆರೆ 4 ಟನ್ ಗಾಡಿಯನ್ನು ತಡೆಯುವುದಿಲ್ಲ, ನೆಲಕ್ಕೆ ಬೋಲ್ಟ್ ಹಾಕಿದ ಪೈಪು ತಡೆಯುತ್ತದೆ. ಕಟಾಂಜನ ಜನರನ್ನೂ ತಡೆಯುತ್ತದೆ, ಅದು ಇನ್ನೂ ಮುಖ್ಯ. ದಾಟುವ ಜಾಗ ಒಂದೇ ಇರಬೇಕು. ಅದು ತಿರುವಿನಲ್ಲಿ ಇರಬಾರದು, ಎರಡೂ ಕಡೆಯವರಿಗೆ ದೂರದಿಂದ ಕಾಣುವ ಕಡೆ ಇರಬೇಕು. ಅಲ್ಲಿ ಒಂದು ಸಣ್ಣ ಗೇಟ್ ಹಾಕಿಸಿ. ಅದು ತನ್ನ ಕಡೆಗೆ ಎಳೆದು ತೆರೆಯುವಂತಿರಲಿ. ಎಳೆಯಲು ಒಂದು ಹೆಜ್ಜೆ ನಿಲ್ಲಬೇಕಾಗುತ್ತದೆ. ನಿಂತಾಗ ಕಣ್ಣು ತಾನಾಗಿ ಆ ಕಡೆ ಹೋಗುತ್ತದೆ.

ಜಾಗವೇ ಇಲ್ಲ ಅಂದರೆ ಸಮಯ ಬೇರೆ ಮಾಡಿ. ಜನ ಊಟಕ್ಕೆ ಎದ್ದಾಗ, ಪಾಳಿ ಬದಲಾಗುವಾಗ ಗಾಡಿ ನಿಂತಿರಬೇಕು, ಕೀಲಿ ನಿಮ್ಮ ಕೈಯಲ್ಲಿರಬೇಕು.

ಬಾಗಿಲಿನ ಕತ್ತಲೆಗೆ ಒಳಗಡೆ ಮೊದಲ ಏಳೆಂಟು ಮೀಟರ್ ಬೆಳಕು ಜಾಸ್ತಿ ಮಾಡಿ, ಗೋಡೆಗೆ ಸುಣ್ಣ ಹೊಡೆಸಿ. ಹೊರಗೆ ಒಂದು ತಗಡಿನ ಚಪ್ಪರ ಹಾಕಿಸಿದರೆ ಕಣ್ಣಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ಆ ಡ್ರೈವರ್‌ಗೂ ಅದೇ ತೊಂದರೆ ಇದೆ, ಅವನೂ ಕತ್ತಲಿಂದ ಬಿಸಿಲಿಗೆ ಬರುತ್ತಾನೆ.

ಕಾನೂನು ಕೇಳುವವರಿಗೆ ಒಂದು ಮಾತು. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸಾವಿರ ಕಾರ್ಮಿಕರು ಇದ್ದ ಕಡೆ ಸೇಫ್ಟಿ ಆಫೀಸರ್ ಇರಬೇಕು ಎಂದಿತ್ತು. ಕೆಲಸದ ಜಾಗದ ಸುರಕ್ಷತೆ ಕುರಿತ 2020ರ ಸಂಹಿತೆ ಅದನ್ನು 500ಕ್ಕೆ ಇಳಿಸಿದೆ. ಅರವತ್ತು ಜನರ ಮಿಲ್ಲಿಗೆ ಎರಡೂ ತಾಗುವುದಿಲ್ಲ. ಹಾಗೆಂದು ಜವಾಬ್ದಾರಿ ಇಲ್ಲ ಎಂದಲ್ಲ. ಕೆಲಸದ ಜಾಗವನ್ನು ಸುರಕ್ಷಿತವಾಗಿ ಇಡುವುದು ಕಾರ್ಖಾನೆ ನಡೆಸುವವರ ಹೊಣೆ. ಭೋಪಾಲ್ ದುರಂತದ ನಂತರ 1987ರ ತಿದ್ದುಪಡಿಯಲ್ಲಿ ಅದನ್ನು ಇನ್ನೂ ಸ್ಪಷ್ಟವಾಗಿ ಬರೆದರು. ಗುತ್ತಿಗೆದಾರ ಕರೆತಂದ ಆಳು ಎಂದರೂ ತಪ್ಪಿಸಿಕೊಳ್ಳುವಂತಿಲ್ಲ.

ಹತ್ತಿ ಮಿಲ್ಲಿನವರು ತಿಳಿಯಲೇಬೇಕಾದ ಇನ್ನೊಂದು ವಿಷಯ ಇದೆ. ಬರೀ ಜಿನ್ನಿಂಗ್, ಪ್ರೆಸ್ಸಿಂಗ್ ಮಾಡುವ ಮಿಲ್ಲನ್ನು ಕಾನೂನು ಸೀಸನ್ ಕಾರ್ಖಾನೆ ಎಂದು ನೋಡುತ್ತದೆ. ಅದಕ್ಕೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಅನ್ವಯಿಸುವುದಿಲ್ಲ. ಆ ಅಕ್ಕನ ಕಾಲು ಹೋಗಿದ್ದರೆ ಇಎಸ್‌ಐ ಆಸ್ಪತ್ರೆಯೂ ಇಲ್ಲ, ರಜೆಯ ದುಡ್ಡೂ ಇಲ್ಲ. 1923ರಿಂದ ಇರುವ ಕಾರ್ಮಿಕರ ಪರಿಹಾರದ ಕಾನೂನಿನಂತೆ ಮಾಲೀಕರೇ ಪರಿಹಾರ ಕೊಡಬೇಕಾಗುತ್ತಿತ್ತು. ಈಗ ಆ ನಿಯಮಗಳು 2020ರ ಸಾಮಾಜಿಕ ಭದ್ರತೆ ಸಂಹಿತೆಯಲ್ಲಿ ಸೇರಿವೆ. ನಿಮ್ಮ ಸಾವ್ಕಾರರಿಗೆ ಇದನ್ನು ಹೇಳಿ. ಕಬ್ಬಿಣದ ಪೈಪಿನ ಖರ್ಚು ಆಗ ಸಣ್ಣದಾಗಿ ಕಾಣುತ್ತದೆ.

ಅಕ್ಕಿ ಗಿರಣಿ ಗೋದಾಮು, ಗಂಗಾವತಿ

ಪೈಪಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾವು ಹಳೇ ಬಾಯ್ಲರ್ ಪೈಪುಗಳನ್ನೇ ಕತ್ತರಿಸಿ ಕಟಾಂಜನ ಮಾಡಿಸಿದೆವು. ಊರಿನ ವೆಲ್ಡಿಂಗ್ ಅಂಗಡಿಯವರೇ ಎರಡು ದಿನದಲ್ಲಿ ಮುಗಿಸಿದರು. ಸೊಂಟದ ಎತ್ತರ ಒಂದು ಸಾಲು, ಮೊಣಕಾಲಿನ ಎತ್ತರ ಒಂದು ಸಾಲು. ಮೊದಲು ಬರೀ ಮೇಲಿನ ಸಾಲು ಇತ್ತು. ಹಮಾಲಿ ಹುಡುಗರು ಬಗ್ಗಿ ನುಸುಳುತ್ತಿದ್ದರು.

ನಮಗೆ ಜಾಸ್ತಿ ತೊಂದರೆ ಹೊರಗಿನವರಿಂದ. ಲಾರಿ ಡ್ರೈವರ್, ಕ್ಲೀನರ್, ಅಕ್ಕಿ ನೋಡಲು ಬರುವ ವ್ಯಾಪಾರಿ. ಅವರಿಗೆ ನಮ್ಮ ದಾರಿ ಗೊತ್ತಿರುವುದಿಲ್ಲ. ತನ್ನ ಲಾರಿಗೆ ಎಷ್ಟು ಚೀಲ ಬಿತ್ತು ಎಂದು ಎಣಿಸಲು ಲಾರಿಯವನು ನೇರ ಫೋರ್ಕ್‌ಲಿಫ್ಟ್ ಹಿಂದೆ ಬಂದು ನಿಲ್ಲುತ್ತಾನೆ. ಈಗ ಕಾಟಾದ (ಲಾರಿ ತೂಗುವ ಜಾಗದ) ಹತ್ತಿರ ಒಂದು ಬೆಂಚು, ಫ್ಯಾನು, ನೀರು ಇಟ್ಟಿದ್ದೇವೆ. ಲೋಡ್ ಆಗುವಾಗ ಲಾರಿಯವರು ಅಲ್ಲೇ ಕೂರಬೇಕು. ಎಣಿಕೆ ಚೀಟಿ ಅಲ್ಲಿಗೇ ಹೋಗುತ್ತದೆ. ನೆರಳು, ಗಾಳಿ ಇದ್ದರೆ ಯಾರೂ ಎದ್ದು ಬರುವುದಿಲ್ಲ.

ಫೋರ್ಕ್‌ಲಿಫ್ಟ್ ಡ್ರೈವರ್, ತೋರಣಗಲ್ಲು

ಸೇಫ್ಟಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಗಾಡಿಯ ಕಡೆಯಿಂದಲೂ ಒಂದಷ್ಟು ಹೇಳುತ್ತೇನೆ.

ಗಾಡಿಯ ಹಿಂದೆ ನೀಲಿ ದೀಪ ಹಾಕಿಸಿ. ಅದು ನೆಲದ ಮೇಲೆ ಗಾಡಿಗಿಂತ ಕೆಲವು ಮೀಟರ್ ದೂರದಲ್ಲಿ ನೀಲಿ ಚುಕ್ಕೆ ಬೀಳಿಸುತ್ತದೆ. ಬಾಗಿಲಿಗೆ ಗಾಡಿ ಬರುವ ಮೊದಲು ಆ ಬೆಳಕು ಬರುತ್ತದೆ. ಸದ್ದು ಕೇಳದ ನಿಮ್ಮಂಥ ಜಾಗಕ್ಕೆ ಇದು ಬಹಳ ಒಳ್ಳೆಯದು. ಆದರೆ ಹೊರಗಿನ ಬಿಸಿಲಲ್ಲಿ ಆ ಚುಕ್ಕೆ ಕಾಣುವುದಿಲ್ಲ, ಅದನ್ನೇ ನಂಬಬೇಡಿ. ತಿರುವಿನಲ್ಲಿ ಉಬ್ಬು ಕನ್ನಡಿ ಹಾಕಿಸಿ, ದಿನಾ ಬೆಳಿಗ್ಗೆ ಒರೆಸುವ ಕೆಲಸ ಒಬ್ಬರಿಗೆ ಒಪ್ಪಿಸಿ. ಹತ್ತಿ ಮಿಲ್ಲಿನಲ್ಲಿ ಒಂದೇ ದಿನಕ್ಕೆ ಕನ್ನಡಿ ಕುರುಡಾಗುತ್ತದೆ.

ಒಂದು ಸಲಕ್ಕೆ ಮೂರು ಬೇಲ್ ಬೇಡ, ಎರಡೇ ಸಾಕು. ಮೇಲಿಂದ ಕಣ್ಣಾಡಿಸಲು ಜಾಗ ಸಿಗುತ್ತದೆ. ಓಡಾಟ ಜಾಸ್ತಿ ಆಗುತ್ತದೆ ಎಂದು ಸಾವ್ಕಾರರು ಹೇಳಬಹುದು, ಅದು ನಿಜವೇ. ಹಾಗಾಗಿ ಜನರ ದಾರಿ ಬೇರೆ ಮಾಡಿದ ಮೇಲೆ ಇದನ್ನು ಮಾಡಿ, ಮೊದಲು ಅಲ್ಲ. ಹೊರೆ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು. ಇಳಿಜಾರಿನಲ್ಲಿ ಹೊರೆ ಯಾವಾಗಲೂ ಏರಿನ ಕಡೆಗೇ ಇರಬೇಕು. ಅಂದರೆ ಹತ್ತುವಾಗ ಮುಂದಾಗಿ, ಇಳಿಯುವಾಗ ಹಿಂದಾಗಿ. ಹತ್ತುವಾಗ ಡ್ರೈವರ್‌ಗೆ ಮುಂದೆ ಕಾಣುವುದಿಲ್ಲ, ಆಗ ಒಬ್ಬರು ದಾರಿ ತೋರಿಸಲು ಬೇಕೇ ಬೇಕು.

ಎತ್ತಿದ ಹೊರೆಯ ಕೆಳಗೆ ಯಾರೂ ಹೋಗಬಾರದು, ಫೋರ್ಕ್ ಮೇಲೆ ಯಾರನ್ನೂ ಹತ್ತಿಸಬಾರದು. ಬಲ್ಬ್ ಬದಲಿಸಲು ಹುಡುಗರನ್ನು ಎತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮತ್ತೆ ಆ ಕೀಲಿ! ಗಾಡಿಯಲ್ಲೇ ಕೀಲಿ ಬಿಟ್ಟು ಚಹಾಕ್ಕೆ ಹೋದರೆ ಯಾವುದಾದರೂ ಹುಡುಗ ಹತ್ತಿಯೇ ಹತ್ತುತ್ತಾನೆ. ಬೈಕ್ ಓಡಿಸಲು ಬಂದರೆ ಇದೂ ಬರುತ್ತದೆ ಎಂದು ಅವನು ಅಂದುಕೊಂಡಿರುತ್ತಾನೆ.

ಗೋದಾಮಿನ ಗುಮಾಸ್ತ, ಬಳ್ಳಾರಿ

ನಾನು ಮೊದಲು ಬರೆದದ್ದನ್ನು ಮತ್ತೆ ಓದಿದೆ. ನಮ್ಮಲ್ಲಿ ಏನೂ ಆಗಿಲ್ಲ ಎಂದಿದ್ದೆ. ಇವತ್ತು ಡ್ರೈವರ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಈ ತಿಂಗಳಲ್ಲೇ ಎರಡು ಸಲ ಕೂದಲೆಳೆಯಲ್ಲಿ ತಪ್ಪಿದೆ ಎಂದ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಸುಮ್ಮನಿದ್ದನಂತೆ. ಇದು ನನಗೆ ಗೊತ್ತೇ ಇರಲಿಲ್ಲ.

ನಿವೃತ್ತ ಸೇಫ್ಟಿ ಆಫೀಸರ್, ಕೊಪ್ಪಳ

ಕೇಳಿದ್ದು ಬಹಳ ಒಳ್ಳೆಯದಾಯಿತು. ತಪ್ಪಿಹೋದದ್ದನ್ನು ಹೇಳಿದವನಿಗೆ ಬೈಯಬೇಡಿ, ಕೂಲಿ ಕತ್ತರಿಸಬೇಡಿ. ಒಂದು ನೋಟ್‌ಬುಕ್ ಇಡಿ. ಯಾವ ಜಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂದು ಬರೆಯಿರಿ, ಹೆಸರು ಬೇಡ. ಒಂದು ತಿಂಗಳಲ್ಲಿ ಯಾವ ಮೂಲೆ ಕೆಟ್ಟದ್ದು ಎಂದು ಆ ಪುಸ್ತಕವೇ ಹೇಳುತ್ತದೆ.

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು

ಮೂರು ವಾರ ಆಯಿತು. ಏನೇನು ಮಾಡಿದೆವು ಎಂದು ಹೇಳುವುದು ನನ್ನ ಕರ್ತವ್ಯ.

ಮೊದಲು ಎಣಿಸಿದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಬಾಗಿಲ ಪಕ್ಕ ನಿಂತೆ. ಒಂದು ತಾಸಿನಲ್ಲಿ 43 ಸಲ ಜನ ಆ ಬಾಗಿಲು ದಾಟಿದರು. ಅದರಲ್ಲಿ 26 ಸಲ ನೀರಿಗೆ. ಗಾಡಿ ಅದೇ ತಾಸಿನಲ್ಲಿ 18 ಸಲ ಹೋಗಿ ಬಂತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸಾವ್ಕಾರರ ಮುಂದೆ ಇಟ್ಟೆ. ಅವರು ಏನೂ ಮಾತಾಡದೆ ನನ್ನ ಜೊತೆ ಬಂದು ತಾವೇ ಕಾಲು ಗಂಟೆ ನಿಂತರು.

ಮರುದಿನವೇ ನೀರಿನ ಡ್ರಮ್ ಈಚೆ ಬಂತು. ಆರಿಸುವ ಶೆಡ್ಡಿನ ಪಕ್ಕ, ಬೇವಿನ ಮರದ ಕೆಳಗೆ. ಶೌಚಾಲಯ ಎತ್ತಿ ತರಲು ಆಗುವುದಿಲ್ಲ. ಅದಕ್ಕೆ ಗೋದಾಮಿನ ಹೊರಗೋಡೆ ಪಕ್ಕ ಜನರಿಗೆ ದಾರಿ ಬಿಟ್ಟು, ಪೈಪಿನ ಕಟಾಂಜನ ಹಾಕಿಸಿ, ಮೇಲೆ ತಗಡು ಹೊದಿಸಿದ್ದೇವೆ. ಗಂಗಾವತಿ ಅಣ್ಣ ಹೇಳಿದಂತೆ ಎರಡು ಸಾಲು. ನೀಲಿ ದೀಪ ಹಾಕಿಸಿದೆವು. ಬೇಲ್ ಈಗ ಎರಡೇ. ಊಟದ ಹೊತ್ತು ಕೀಲಿ ನನ್ನ ಜೇಬಿನಲ್ಲಿ. ಬೋರ್ಡ್ ಕನ್ನಡದಲ್ಲಿದೆ. ಏನು ಬರೆಯಬೇಕು ಎಂದು ಆರಿಸುವ ಅಕ್ಕಂದಿರನ್ನೇ ಕೇಳಿದೆ. "ಗಾಡಿ ಬಾಲ ಬೀಸ್ತದ, ದೂರ ನಿಲ್ಲಿ" ಎಂದು ಅವರೇ ಹೇಳಿಕೊಟ್ಟರು. ಹಾಗೇ ಬರೆಸಿದ್ದೇನೆ.

ಆಗದೇ ಉಳಿದದ್ದೂ ಇದೆ. ಪುಟ್ಟಿ ಹೊತ್ತು ಪ್ರೆಸ್ ಹತ್ತಿರ ಹೋಗುವವರು ಇನ್ನೂ ಗಾಡಿಯ ದಾರಿಯನ್ನು ಒಂದು ಕಡೆ ದಾಟಲೇಬೇಕು. ಅಲ್ಲಿ ಎಳೆಯುವ ಗೇಟ್ ಹಾಕಿಸಿದೆ. ತಲೆ ಮೇಲೆ ಪುಟ್ಟಿ ಇದ್ದಾಗ ಒಂದು ಕೈಯಲ್ಲಿ ಗೇಟ್ ಎಳೆಯುವುದು ಅವರಿಗೆ ಕಷ್ಟ. ಎರಡೇ ದಿನಕ್ಕೆ ಯಾರೋ ಕಲ್ಲು ಕೊಟ್ಟು ಗೇಟನ್ನು ತೆರೆದೇ ಇಟ್ಟರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ತಪ್ಪು ಗೇಟಿನದ್ದು. ಏನು ಮಾಡಲಿ?

ಜಿನ್ನಿಂಗ್ ಕೆಲಸ, ಸಿಂಧನೂರು ಕಡೆ

ಅಣ್ಣಾರೆ, ಪುಟ್ಟಿ ಯಾಕೆ ಹೊರಬೇಕು? ನಮ್ಮ ಪಕ್ಕದ ಮಿಲ್ಲಿನಲ್ಲಿ ಎರಡು ಚಕ್ರದ ತಳ್ಳುಗಾಡಿ ಇಟ್ಟಿದ್ದಾರೆ. ಹತ್ತು ಪುಟ್ಟಿ ಹತ್ತಿ ಒಂದೇ ಸಲಕ್ಕೆ ಹೋಗುತ್ತದೆ. ಕತ್ತು ನೋವೂ ಇಲ್ಲ, ಎದುರಿಗೆ ಕಣ್ಣೂ ಕಾಣುತ್ತದೆ. ಹತ್ತು ಜನ ದಾಟುವ ಕಡೆ ಒಬ್ಬರು ದಾಟಿದರೆ ಸಾಕಲ್ವಾ? ಗೇಟ್ ತೆರೆಯಲು ಎರಡು ಕೈಯೂ ಬಿಡುವಾಗಿರುತ್ತವೆ.

ಆ ಅಕ್ಕನಿಗೆ ಚಪ್ಪಲಿ ಕೊಡಿಸಿದಿರಾ?

ಜಿನ್ನಿಂಗ್ ಸೂಪರ್‌ವೈಸರ್, ರಾಯಚೂರು

ಕೊಡಿಸಿದೆವು ತಂಗೀ. ಚಪ್ಪಲಿ ಅಲ್ಲ, ಮುಂದೆ ಬೆರಳಿಗೆ ಗಟ್ಟಿ ಟೋಪಿ ಇರುವ ಬೂಟು. ಬರೀ ಅವರಿಗಲ್ಲ, ಗಾಡಿ ಹತ್ತಿರ ಹೋಗುವ ಹನ್ನೊಂದು ಜನಕ್ಕೂ. ಬೇಸಿಗೆಯಲ್ಲಿ ಕಾಲು ಬೇಯುತ್ತದೆ ಎಂದು ಕೆಲವರು ಬಿಚ್ಚಿ ಇಡುತ್ತಿದ್ದಾರೆ, ಅದನ್ನೂ ನೋಡಬೇಕು. ತಳ್ಳುಗಾಡಿಯ ಮಾತು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ಆ ಪಕ್ಕದ ಮಿಲ್ಲಿನ ಗಾಡಿ ಎಷ್ಟು ಅಗಲ ಇದೆ, ಚಕ್ರ ರಬ್ಬರಿನದ್ದೋ ಕಬ್ಬಿಣದ್ದೋ, ಸ್ವಲ್ಪ ನೋಡಿ ಹೇಳುತ್ತೀರಾ? ಹತ್ತಿ ಇರುವ ಕಡೆ ಕಬ್ಬಿಣದ ಚಕ್ರ ನೆಲಕ್ಕೆ ಉಜ್ಜಿ ಕಿಡಿ ಎದ್ದರೆ ಅದು ಬೇರೆ ಅಪಾಯ. ಅಳತೆ ಸಿಕ್ಕರೆ ಸೋಮವಾರವೇ ವೆಲ್ಡಿಂಗ್ ಅಂಗಡಿಗೆ ಹೋಗುತ್ತೇನೆ.